ಕಲ್ಲಿದ್ದಲು ಬಿಡಲು, ಶ್ರೀಮಂತ ದೇಶಗಳು ದುಡ್ಡು ಕೊಡುವವರೆಗೆ ನಾವು ಕಾಯಬೇಕೇ?

ಪರ: ಮೊದಲು ಅವರು ಬಾಕಿ ತೀರಿಸಲಿ

ನಮ್ಮ ಚಿಕ್ಕಪ್ಪನ ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹೊತ್ತು. ಎರಡು ಗಂಟೆಗೆ ಎದ್ದು, ಟಾರ್ಚ್ ಹಿಡಿದು, ಹಾವು ಇದ್ದರೆ ಸರಿದು ಹೋಗಲಿ ಅಂತ ಕೋಲಿನಿಂದ ನೆಲ ಬಡಿಯುತ್ತಾ ಹೋಗಿ ಬೋರ್‌ವೆಲ್ ಮೋಟರ್ ಹಾಕಿ ಬರುತ್ತಾರೆ. ಅಂಥವರಿಗೆ ‘ಕಲ್ಲಿದ್ದಲು ಬಿಡಿ, ಭೂಮಿ ಬಿಸಿಯಾಗುತ್ತಿದೆ’ ಅಂತ ಬುದ್ಧಿ ಹೇಳಲು ಶ್ರೀಮಂತ ದೇಶಗಳಿಗೆ ಯಾವ ಮುಖ ಇದೆ?

ಲೆಕ್ಕ ನೋಡಿ. ಒಬ್ಬ ಅಮೆರಿಕನ್ನನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್. ನಮ್ಮದು 2 ಟನ್ ಆಸುಪಾಸು. ಭೂಮಿಯನ್ನು ಬಿಸಿ ಮಾಡುವ ಈ ಅನಿಲ ಒಮ್ಮೆ ಮೇಲೆ ಹೋದರೆ ನೂರಾರು ವರ್ಷ ಅಲ್ಲೇ ಇರುತ್ತದೆ. ಇವತ್ತಿನ ಸೆಕೆಯಲ್ಲಿ ನೂರು ವರ್ಷದ ಹಿಂದೆ ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳು ಸುಟ್ಟ ಕಲ್ಲಿದ್ದಲಿನ ಪಾಲೂ ಇದೆ.

ಜವಾಬ್ದಾರಿ ಎಲ್ಲರದೂ ಹೌದು, ಹೊರೆ ಮಾತ್ರ ಒಂದೇ ಸಮ ಅಲ್ಲ ಎಂದು 1992ರಲ್ಲಿ ರಿಯೋದ ವಿಶ್ವಸಂಸ್ಥೆ ಸಭೆಯಲ್ಲಿ ಎಲ್ಲ ದೇಶಗಳೂ ಒಪ್ಪಿದ್ದವು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ, ಭೂಮಿಯ ಬಿಸಿ ಎದುರಿಸಲು ಬಡ ದೇಶಗಳಿಗೆ 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದು ಶ್ರೀಮಂತ ದೇಶಗಳು ಮಾತು ಕೊಟ್ಟವು. ಅಷ್ಟು ಮೊತ್ತ ಸೇರಿದ್ದು 2022ರಲ್ಲಿ. ಅದರಲ್ಲೂ ಜಾಸ್ತಿ ಸಾಲದ ರೂಪದಲ್ಲಿ. ಮನೆಗೆ ಬೆಂಕಿ ಹಚ್ಚಿದವರೇ ನೀರು ತರಲು ಸಾಲ ಕೊಟ್ಟ ಹಾಗೆ, ಅಲ್ವಾ?

ಕೊಡುವ ಮನಸ್ಸಿದ್ದರೆ ದಾರಿ ಇದೆ. ಫ್ರಿಜ್‌ನ ಅನಿಲದಿಂದ ಓಝೋನ್ ಪದರ ಹಾಳಾಗುತ್ತಿದೆ ಎಂದಾಗ, 1987ರ ಮಾಂಟ್ರಿಯಲ್ ಒಪ್ಪಂದ ಆ ಅನಿಲ ಬಿಡಲು ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಗಡುವು ಕೊಟ್ಟಿತು. ಆಮೇಲೆ ಖರ್ಚಿಗೆಂದು ನಿಧಿಯನ್ನೂ ಮಾಡಿದರು. ಈಗ ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆ. ಕಲ್ಲಿದ್ದಲಿನ ವಿಷಯದಲ್ಲೂ ಅದನ್ನೇ ಕೇಳೋಣ. ಇದು ಭಿಕ್ಷೆಯಲ್ಲ.

ವಿರೋಧ: ಚಿಕ್ಕಪ್ಪನ ಹೆಸರಲ್ಲಿ ಕಾಯುವುದು ಬೇಡ

ಅವರು ಬಾಕಿ ಇಟ್ಟಿರುವುದು ನಿಜ. ಕೇಳುತ್ತಲೇ ಇರಬೇಕು. ಆದರೆ ಅದು ಬರುವವರೆಗೆ ಸುಮ್ನೆ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಆ 2 ಟನ್ ಅನ್ನುವುದು ಸರಾಸರಿ. ಚಿಕ್ಕಪ್ಪನ ಒಂದು ಮೋಟರ್, ನಾಲ್ಕು ಬಲ್ಬು ಅದರಲ್ಲಿವೆ. ಬೆಂಗಳೂರಿನ ಮೂರು ಎಸಿ, ಎರಡು ಕಾರಿನ ಮನೆಯೂ ಅದರಲ್ಲೇ ಇದೆ. ಜಗತ್ತಿನ ಮುಂದೆ ಚಿಕ್ಕಪ್ಪನ ಬಡತನ ತೋರಿಸಿ ನಾವು ಉಳ್ಳವರು ಅದರ ಹಿಂದೆ ಅಡಗಿದ್ದೇವೆ. ಇದು ನನ್ನನ್ನು ಬಹಳ ಚುಚ್ಚುತ್ತದೆ. ಅಮೆರಿಕ ನಮಗೆ ಮಾಡಿದ್ದನ್ನೇ ನಾವು ನಮ್ಮವರಿಗೆ ಮಾಡುತ್ತಿದ್ದೇವೆ.

ಕಲ್ಲಿದ್ದಲು ಸುಟ್ಟರೆ ಹಾರುಬೂದಿ ಬೀಳುವುದು ಸ್ಥಾವರದ ಪಕ್ಕದ ಹಳ್ಳಿಯ ಮೇಲೆ. ಮಳೆ ಕೈಕೊಟ್ಟರೆ ಮೊದಲು ಸೋಲುವುದೂ ಹಳ್ಳಿಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ಬರಕ್ಕೆಲ್ಲ ಭೂಮಿಯ ಬಿಸಿಯೇ ಕಾರಣ ಅನ್ನುತ್ತಿಲ್ಲ. ಬಿಸಿ ಏರಿದಂತೆ ಇಂಥ ವರ್ಷಗಳನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ.

ಕಡಿಮೆ ಹೊರೆ ಹೊರುವ ‘ಅಭಿವೃದ್ಧಿಶೀಲ’ ದೇಶಗಳ ಪಟ್ಟಿಯೂ ಹಳತಾಯಿತು. ಅದರಲ್ಲಿರುವ ಚೀನಾ ಇಂದು ಹೊಗೆಯಲ್ಲಿ ಜಗತ್ತಿಗೇ ಮೊದಲು, ಒಟ್ಟು ಲೆಕ್ಕದಲ್ಲಿ ನಾವು ಮೂರನೆಯವರು. ಕಡಲು ಏರುತ್ತಿರುವ ಮಾಲ್ಡೀವ್ಸ್‌ಗೆ ನಾವು ಏನೆಂದು ಉತ್ತರ ಕೊಡುವುದು?

ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಜಮೀನೇ ಇಲ್ಲದ ಕೂಲಿಯವರಿಗೆ ಹೊಲದ ಕೆಲಸ ತಪ್ಪಿತು. ಆ ಅನ್ಯಾಯವನ್ನು ಸರಿಪಡಿಸಬೇಕಾದವರು ನಾವೇ. ಆದರೂ ಅಲ್ಲಿ ಕರೆಂಟು ಹುಟ್ಟುವುದು ಹಗಲಲ್ಲಿ. ಹೊಲಕ್ಕೆ ನೀರು ಹಾಯಿಸಲು ಅದೇ ಸರಿಯಾದ ಹೊತ್ತು.

ಹೋದ ಸಲ ಊರಿಗೆ ಹೋದಾಗ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: ‘ಹಗಲು ಏಳು ಗಂಟೆ ತ್ರೀ ಫೇಸ್ ಕೊಡ್ತಾರೇನಪ್ಪ?’