ಪ ಪ ಮ ರಿ...

ಪಕ್ಕದ ಮನೆಯ ಸೀರಿಯಲ್ ಸೆಟ್ ಹಾಡುತ್ತದೆ. ಸುಮ್ನೆ ಮಿನುಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮಡಿಕೇರಿಯ ಡಿಸೆಂಬರ್ ಮಂಜಿನಲ್ಲಿ ಕೆಂಪು, ಹಸಿರು ಬಲ್ಬುಗಳು ಚೆನ್ನಾಗೇ ಕಾಣುತ್ತವೆ. ಆದರೆ ವೈರಿನ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇದೆ. ಅದರೊಳಗಿಂದ ಕೀಂಯ್ ಕೀಂಯ್ ಅಂತ 'ಜಿಂಗಲ್ ಬೆಲ್ಸ್' ಹೊರಡುತ್ತದೆ. ಸಂಜೆ ಆರಕ್ಕೆ ಶುರುವಾದರೆ ಅವರು ಮಲಗುವವರೆಗೆ. ಅವರು ಮಲಗುವುದೋ, ಬಹಳ ತಡ.

ಪೂರ್ತಿ ಹಾಡಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಪಲ್ಲವಿಯ ಕೊನೇ ಸಾಲು 'ಪ ಪ ಮ ರಿ ಸ' ಅಂತ ಷಡ್ಜಕ್ಕೆ ಬಂದು ಕೂರಬೇಕು. ಇದು 'ಪ ಪ ಮ ರಿ' ಅಂದು ಗಪ್‌ಚಿಪ್ ಆಗುತ್ತದೆ. ಆಮೇಲೆ ಮತ್ತೆ ಮೊದಲಿಂದ 'ಗ ಗ ಗ'. ಆ ಒಂದು 'ಸ' ನುಂಗಿದವರು ಯಾರು? ಸೀನು ಬಂದ ಹಾಗಾಗಿ ಬಾರದೇ ಹೋದರೆ ಮೂಗಿಗೆ ಏನಾಗುತ್ತದೋ, ನನ್ನ ಕಿವಿಗೆ ರಾತ್ರಿಯೆಲ್ಲ ಅದೇ ಆಗುತ್ತಿದೆ.

"ಕಿವಿಗೆ ಹತ್ತಿ ಇಟ್ಕೊಳ್ಳಿ" ಅಂದಳು ಹೆಂಡತಿ. ಹುಡುಕಿದರೆ ಹತ್ತಿ ಇಲ್ಲ. ಪಕ್ಕದ ಮನೆಯವರ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆಗೆ, ಹಿಮ ಮಾಡಲು ಬೇಕು ಅಂತ ಉಂಡೆ ಸಮೇತ ಇವಳೇ ಕೊಟ್ಟಿದ್ದಾಳೆ!

ಹೇಳಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ ಹೋದೆ. ಬಾಗಿಲಲ್ಲೇ ಆಂಟಿ ಕುಸ್ವಾರ್ ಅನ್ನೋ ಕ್ರಿಸ್ಮಸ್ ತಿಂಡಿಗಳ ತಟ್ಟೆ ಹಿಡಿದು ನಿಂತಿದ್ದರು. ನೆವ್ರಿ, ಕುಲ್‌ಕುಲ್, ರೋಸ್ ಕುಕ್ಕಿ. ಬಾಯಲ್ಲಿ ನೆವ್ರಿ ಇಟ್ಟುಕೊಂಡು ಜಗಳ ಆಡೋಕಾಗುತ್ತಾ? ಸುತ್ತಿ ಬಳಸಿ ಶುರು ಮಾಡಿದೆ. "ಆಂಟಿ, ಈ ಜಿಂಗಲ್ ಬೆಲ್ಸ್ ಹಾಡಿನಲ್ಲಿ ಕ್ರಿಸ್ಮಸ್ ಅನ್ನೋ ಮಾತೇ ಇಲ್ಲ, ಗೊತ್ತಾ? ಪಿಯರ್‌ಪಾಂಟ್ ಅಂತ ಅಮೆರಿಕದವನೊಬ್ಬ 1857ರಲ್ಲಿ ಪ್ರಕಟಿಸಿದ್ದು. ಹಿಮದ ಮೇಲೆ ಕುದುರೆಗಾಡಿ ಓಡಿಸೋ ಮೋಜಿನ ಹಾಡು ಅಷ್ಟೇ."

"ಹೌದಾ ಮಾರಾಯ್ರೆ? ಆದ್ರೂ ಒಳ್ಳೆ ಉಂಟಲ್ಲ?" ಅಂತ ತಟ್ಟೆಗೆ ಇನ್ನೊಂದು ಹಿಡಿ ಕುಲ್‌ಕುಲ್ ಸುರಿದರು. ಕೇಸು ಖುಲಾಸೆ.

ನಾನು ಸಣ್ಣವನಿದ್ದಾಗ ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಕ್ರಿಸ್ಮಸ್ ಹತ್ತಿರ ಬಂತೆಂದರೆ ಕ್ಯಾರಲ್ ಹಾಡುವವರು ಟಾರ್ಚ್ ಹಿಡಿದು ತೋಟದ ಕೆಲಸದವರ ಲೈನ್ ಮನೆಗಳವರೆಗೂ ಬರುತ್ತಿದ್ದರು. ಒಂದು ಹಾಡು ಕೊಂಕಣಿ, ಒಂದು ಮಲಯಾಳಂ, ನಮಗೋಸ್ಕರ ಒಂದು ಕನ್ನಡ. ಜೊತೆಗೊಂದು ಗಿಟಾರ್. ಕೊನೆಗೆ 'ಸೈಲೆಂಟ್ ನೈಟ್' ಇರಲೇಬೇಕು. 1818ರಲ್ಲಿ ಆಸ್ಟ್ರಿಯಾದ ಒಬೆರ್ನ್‌ಡಾರ್ಫ್ ಎಂಬ ಊರಲ್ಲಿ ಆ ಹಾಡನ್ನು ಮೊದಲು ಹಾಡಿದ್ದೂ ಗಿಟಾರ್ ಜೊತೆಗೇ ಅಂತ ಆಮೇಲೆಷ್ಟೋ ವರ್ಷಕ್ಕೆ ಓದಿದೆ. ಅವರು ಕೊನೆಯ ಸ್ವರವನ್ನು ಉಸಿರು ಇರುವಷ್ಟೂ ಹೊತ್ತು ಹಿಡಿಯುತ್ತಿದ್ದರು. ಅಮ್ಮ ಕಾಫಿ ಸೋಸುವುದನ್ನು ಬಿಟ್ಟು ಹಾಗೇ ನಿಂತುಬಿಡುತ್ತಿದ್ದಳು. ಈಗ ಅಮ್ಮನೂ ಇಲ್ಲ, ಆ ಗುಂಪೂ ಚದುರಿಹೋಗಿದೆ.

ಇರಲಿ. ನಿನ್ನೆಯ ಕಥೆ ಕೇಳಿ. ರಾಜಾಸೀಟ್ ಕಡೆ ಕಾಲಿಡುವಂತಿಲ್ಲ, ಊರಿಗಿಂತ ಕಾರೇ ಜಾಸ್ತಿ. ಎದುರಿನ ಹೋಂಸ್ಟೇಗೆ ಬಂದವರು "ಇಲ್ಲಿ ಸ್ನೋ ಬೀಳುತ್ತಾ ಅಂಕಲ್?" ಅಂತ ಬೇರೆ ಕೇಳಿದರು. ಹೂಮಳೆ ಬಿದ್ದ ಮೇಲೆ ಬನ್ನಿ, ತೋಟವೆಲ್ಲ ಬೆಳ್ಳಗಾಗುತ್ತೆ ಅಂದೆ. ಕಾಫಿ ಹೂವಿನ ಮಾತು ಅಂತ ಅವರಿಗೆ ಅರ್ಥ ಆಗಲಿಲ್ಲ.

ಮನೆಯಲ್ಲೇ ಇರೋಣ ಅಂತ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಹಾಕಿಕೊಂಡು ಕೂತೆ. ಫ್ರಾಂಕ್ ಕಾಪ್ರಾ ನಿರ್ದೇಶನ, 1946. ಬಂದಾಗ ದುಡ್ಡು ಮಾಡದ ಸಿನಿಮಾ. 1974ರಲ್ಲಿ ಯಾರೋ ಕಾಪಿರೈಟ್ ನವೀಕರಿಸೋದು ಮರೆತರು. ಪುಕ್ಕಟೆ ಸಿಕ್ಕಿತು ಅಂತ ಟೀವಿಯವರು ಪ್ರತಿ ಕ್ರಿಸ್ಮಸ್‌ಗೂ ಹಾಕಿ ಹಾಕಿ ಅದನ್ನು ಹಬ್ಬದ ಸಿನಿಮಾ ಮಾಡಿಬಿಟ್ಟರು. ನನಗೆ ಅದರ ಹಿಮದ ಮೇಲೆ ವಿಶೇಷ ಪ್ರೀತಿ. ಆಗೆಲ್ಲ ಸಿನಿಮಾದಲ್ಲಿ ಹಿಮ ಅಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಕಾಲಿಟ್ಟರೆ ಕರುಂ ಕುರುಂ, ಮಾತನ್ನು ಆಮೇಲೆ ಡಬ್ ಮಾಡಬೇಕು. ಇವರು ಬೆಂಕಿ ಆರಿಸುವ ನೊರೆಗೆ ಸೋಪು ಬೆರೆಸಿ ಸದ್ದಿಲ್ಲದ ಹಿಮ ಮಾಡಿದರು. ಅದೂ ಸುಡುಬೇಸಿಗೆಯ ಶೂಟಿಂಗ್‌ನಲ್ಲಿ. ಸೆಟ್‌ನಲ್ಲಿ ಆಡಿದ ಮಾತು ಆಡಿದಂತೆಯೇ ಕೇಳಲಿ ಅಂತ ಅಷ್ಟೆಲ್ಲ ಕಷ್ಟ.

ನಾನು ಏನು ಕೇಳಿದೆ? ಸೇತುವೆಯ ಮೇಲೆ ಸಿನಿಮಾದ ಹೀರೊ ಜೇಮ್ಸ್ ಸ್ಟೂವರ್ಟ್ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾನೆ. ಹಿಮ ಬೀಳುತ್ತಿದೆ. ಹಿನ್ನೆಲೆಯಲ್ಲಿ 'ಪ ಪ ಮ ರಿ'.

ಅಷ್ಟರಲ್ಲಿ ಕರೆಂಟ್ ಹೋಯಿತು. ಟೀವಿ ಕಪ್ಪು. ಡಬ್ಬಿಯೂ ಬಾಯಿ ಮುಚ್ಚಿತು! ಕರೆಂಟ್ ಹೋಗಿದ್ದಕ್ಕೆ ನಾನು ಕೈ ಮುಗಿದದ್ದು ಇದೇ ಮೊದಲು. ಮುಗಿದ ಕೈ ಇಳಿಸುವಷ್ಟರಲ್ಲಿ ಅವರ ಇನ್ವರ್ಟರ್ ಟಕ್ ಅಂತು. 'ಗ ಗ ಗ.' ನಮ್ಮ ಇನ್ವರ್ಟರ್ ಬ್ಯಾಟರಿ ಮಳೆಗಾಲದಲ್ಲೇ ಕೈಕೊಟ್ಟಿದೆ. ಇಡೀ ಓಣಿಯಲ್ಲಿ ಅದೊಂದೇ ಸದ್ದು.

ಮಂಕಿ ಟೋಪಿ ಏರಿಸಿ ಜಗಲಿಗೆ ಬಂದೆ. ಅದು 'ಪ ಪ ಮ ರಿ' ಅಂದು ನಿಲ್ಲುತ್ತಿದ್ದಂತೆ ಗಂಟಲು ಬಿಚ್ಚಿ "ಸಾ..." ಅಂದೆ. ಆಹಾ, ಏನು ನೆಮ್ಮದಿ! ಆದರೆ ಒಂದು ಸಲ ಹಾಡಿದ ಮೇಲೆ ಬಿಡೋದು ಹೇಗೆ? ಮತ್ತೆ ಅದೇ ಜಾಗ ಬಂತು, ಮತ್ತೆ "ಸಾ..." ಮೂರನೆಯದಕ್ಕೆ ಕೆಳಗಿನ ಮನೆಯ ನಾಯಿ ಶ್ರುತಿ ಹಿಡಿಯಿತು. ಹೋಂಸ್ಟೇಯವರು ಬಾಲ್ಕನಿಗೆ ಬಂದು ಮೊಬೈಲ್ ಎತ್ತಿದರು. ಒಬ್ಬಳು "ಲೋಕಲ್ ಟ್ರೆಡಿಷನ್ ಇರಬೇಕು ಕಣೇ" ಅಂದಿದ್ದು ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ಹೆಂಡತಿ ಸ್ವೆಟರ್ ಹಿಡಿದು ಒಳಗೆ ಎಳೆದಳು.

ಇವತ್ತು ಬೆಳಿಗ್ಗೆ ಆಂಟಿ ಕೇಕ್ ಜೊತೆ ಒಂದು ಚೀಲವನ್ನೂ ತಂದರು. "ರಾತ್ರಿ ನೀವು ಹಾಡಿದ್ದು ಕೇಳಿದೆ. ಎಷ್ಟು ಆಸೆ ಪಾಪ ನಿಮಗೆ! ಮಗ ದುಬೈಯಿಂದ ಹೊಸ ಸೆಟ್ ತಂದಿದ್ದಾನೆ. ಅದ್ರಲ್ಲಿ ಹಾಡು ತುಂಬಾ ಉಂಟು, ಸೌಂಡೂ ಜಾಸ್ತಿ. ಈ ಹಳೇದು ನೀವೇ ಇಟ್ಕೊಳ್ಳಿ."