ಗಣಿತ ಶಿಕ್ಷಕರಿಗೆ ಇಂಗ್ಲೆಂಡಿನಲ್ಲಿ ಬೇರೆ ಸಂಬಳವೇ? ಒಂದು ಸ್ಪಷ್ಟನೆ

'ಇಂಗ್ಲೆಂಡಿನಲ್ಲಿ ಗಣಿತ, ಭೌತವಿಜ್ಞಾನ ಕಲಿಸುವವರಿಗೆ ಪ್ರತ್ಯೇಕ ವೇತನ ಶ್ರೇಣಿಯಿದೆ, ನಮ್ಮಲ್ಲೂ ಬರಲಿ' ಎಂಬ ಸಂದೇಶ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಅಲ್ಲಿನ ರಾಷ್ಟ್ರೀಯ ವೇತನ ಶ್ರೇಣಿ ವಿಷಯವನ್ನು ನೋಡುವುದಿಲ್ಲ. 2024-25ರಲ್ಲಿ ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭಿಕ ವೇತನ ವರ್ಷಕ್ಕೆ 31,650 ಪೌಂಡ್ ಇತ್ತು. ಇತಿಹಾಸದವರಿಗೂ ಅಷ್ಟೇ, ಭೌತವಿಜ್ಞಾನದವರಿಗೂ ಅಷ್ಟೇ. ವ್ಯತ್ಯಾಸವಿರುವುದು ವೇತನದ ಹೊರಗೆ. ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಕಂಪ್ಯೂಟಿಂಗ್ ವಿಷಯಗಳಲ್ಲಿ ತರಬೇತಿ ಪಡೆಯುವವರಿಗೆ 2024-25ರಲ್ಲಿ 28,000 ಪೌಂಡ್ ಸಹಾಯಧನವಿತ್ತು. ಕೆಲಸಕ್ಕೆ ಸೇರಿದ ಮೊದಲ ಐದು ವರ್ಷ, ಹಿಂದುಳಿದ ಪ್ರದೇಶಗಳ ಅರ್ಹ ಶಾಲೆಗಳಲ್ಲಿ ಇದೇ ವಿಷಯಗಳನ್ನು ಕಲಿಸುವವರಿಗೆ 2024-25ರ ಲೆಕ್ಕದಂತೆ ವರ್ಷಕ್ಕೆ ಗರಿಷ್ಠ 6,000 ಪೌಂಡ್ ಪ್ರೋತ್ಸಾಹಧನ ಸಿಗುತ್ತದೆ. ಅದು ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ.

ವೇತನ ಶ್ರೇಣಿಗೂ ಪ್ರೋತ್ಸಾಹಧನಕ್ಕೂ ಇರುವ ಈ ವ್ಯತ್ಯಾಸ ಚಿಕ್ಕದಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲೂ ವೇತನ ಹುದ್ದೆಗೆ ಅಂಟಿಕೊಂಡಿದೆ, ವಿಷಯಕ್ಕಲ್ಲ. ಕನ್ನಡ ಶಿಕ್ಷಕರೂ ಗಣಿತ ಶಿಕ್ಷಕರೂ ಒಂದೇ ಶ್ರೇಣಿಯಲ್ಲಿದ್ದಾರೆ. ಅದನ್ನು ಒಡೆಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಗಣಿತ ಶಿಕ್ಷಕರೇ ಸಿಗದ ಹಳ್ಳಿ ಶಾಲೆಗೆ ಹೋಗಿ ನೆಲೆನಿಲ್ಲುವವರಿಗೆ ಪ್ರತ್ಯೇಕ ಭತ್ಯೆ ಕೇಳುವುದಾದರೆ, ಇಂಗ್ಲೆಂಡಿನ ಉದಾಹರಣೆಯನ್ನು ಧಾರಾಳವಾಗಿ ಮುಂದಿಡಬಹುದು.