ಸ್ಪಷ್ಟನೆ: 20 ವರ್ಷದ ನಿಯಮ ಚಾಲಕರಿಗೆ, ಇಎಂಟಿಗಲ್ಲ

‘20 ತುಂಬದವರನ್ನು, ಡ್ರೈವಿಂಗ್ ಲೈಸೆನ್ಸ್ ಇಲ್ಲದವರನ್ನು ಆಂಬುಲೆನ್ಸ್‌ಗೆ ಇಎಂಟಿಯಾಗಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು) ತೆಗೆದುಕೊಳ್ಳುವಂತಿಲ್ಲ, ಕಾನೂನೇ ಹಾಗಿದೆ’ ಎಂಬ ಮೆಸೇಜ್ ಕೊಡಗಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ 20 ವರ್ಷದ ಮಾತು ಇರುವುದು ನಿಜ. ಆದರೆ ಅದು ಸಾರಿಗೆ ವಾಹನ ಓಡಿಸುವವರಿಗೆ. ರೋಗಿಯನ್ನು ನೋಡಿಕೊಳ್ಳುವವರ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ.

108 ಆಂಬುಲೆನ್ಸ್‌ನಲ್ಲಿ ಇಬ್ಬರಿರುತ್ತಾರೆ. ಸ್ಟೀರಿಂಗ್ ಹಿಡಿಯುವವರು ಪೈಲಟ್. ಇಎಂಟಿ ಹಿಂದೆ, ರೋಗಿಯ ಪಕ್ಕ. ಸಂಪಾಜೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುವಾಗ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಆಕ್ಸಿಜನ್ ಮಾಸ್ಕ್ ಜಾರದಂತೆ ಒತ್ತಿಕೊಂಡು ಕೂರುವ ಕೆಲಸ ಅದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಷ್ಟು ದೂರವೂ ನಾಡಿ, ಉಸಿರು, ಬಿಪಿ ನೋಡುತ್ತಲೇ ಇರಬೇಕು.

ಕೆಲವು ಖಾಸಗಿ ಆಂಬುಲೆನ್ಸ್‌ಗಳಲ್ಲಿ ಒಬ್ಬರೇ ಎರಡೂ ಕೆಲಸ ಮಾಡಬೇಕಾಗುತ್ತದೆ. ಅಲ್ಲಿ ಲೈಸೆನ್ಸ್ ಬೇಕು, 20 ವರ್ಷವೂ ಆಗಿರಬೇಕು. ಉಳಿದಂತೆ ವಯಸ್ಸು, ಓದು ಏನಿರಬೇಕು ಎಂಬುದು ಆಯಾ ನೇಮಕಾತಿ ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಪೂರ್ತಿ ಓದಿ. ಕೆಲವರು ನರ್ಸಿಂಗ್ ಓದಿದವರನ್ನೇ ಕೇಳುತ್ತಾರೆ, ಅದು ಬೇರೆ ವಿಷಯ.

ಸೋಮವಾರಪೇಟೆ ಕಡೆಯ ಹುಡುಗಿಯೊಬ್ಬಳು, 19 ವರ್ಷ, ಈಗಷ್ಟೇ ಸರ್ಟಿಫಿಕೇಟ್ ಸಿಕ್ಕಿದೆ. ಈ ಮೆಸೇಜ್ ನೋಡಿ ಅರ್ಜಿಯನ್ನೇ ಹಾಕಿರಲಿಲ್ಲ. ಅವಳ ಫೋನ್ ಬಂದ ಮೇಲೆಯೇ ನಾನು ಕಾಯ್ದೆ ತೆಗೆದು ನೋಡಿದ್ದು. ಅವಳಂಥವರು ಇನ್ನೂ ಇರಬಹುದು ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿ.